ಬೇಲಿಯ ಆಚೆಬದಿ ಬಿಳಿ, ಈಚೆಬದಿ ಎಣ್ಣೆ

ನನ್ನ ಭಾವನ ಕೊಡೆಯೊಳಗೆ ಮಂಡಕ್ಕಿ ತುಂಬಿಸಿಟ್ಟವನು ನಾನು. ಅವನಿಗೂ ನನ್ನ ತಂಗಿಗೂ ಮದುವೆಯಾದ ಹೊಸತು. ಶೃಂಗೇರಿಯಲ್ಲಿ ಬಸ್ಸಿಳಿದಾಗ ನಾಲ್ಕು ಹನಿ ಬಿತ್ತೆಂದು ಠೀವಿಯಿಂದ ಕೊಡೆ ಬಿಡಿಸಿದ. ಧಾರೆಯ ದಿನದ ಅಕ್ಷತೆ ಸಾಲದಾಯಿತೋ ಎಂಬಂತೆ ಮತ್ತೊಮ್ಮೆ ತಲೆತುಂಬ ಬಿತ್ತು. ತಂಗಿ ನಕ್ಕೂ ನಕ್ಕೂ ರಸ್ತೆ ಬದಿಯ ಕಂಬ ಹಿಡಿದುಕೊಂಡಳಂತೆ. ವಾಪಸು ಬಂದವನು ಸೀದಾ ನನ್ನನ್ನೇ ಕೇಳಿದ. ನಾನು ದೇವರಾಣೆ ಹಾಕಿ ಇಲ್ಲವೆಂದೆ. ಅಷ್ಟು ಸೊಗಸಾಗಿ ಸುಳ್ಳಾಣೆ ಹಾಕುವವನು ಕೊಪ್ಪ ತಾಲ್ಲೂಕಿನಲ್ಲಿ ಇನ್ನೊಬ್ಬ ಇರಲಿಲ್ಲ, ಈಗಲೂ ಇಲ್ಲ.

ಅವನೂ ಸುಮ್ಮನಿರುವ ಪೈಕಿ ಅಲ್ಲ. ಮುಂದಿನ ಸಲ ಅವರ ಮನೆಗೆ ಹೋದಾಗ ಕಾಫಿಗೆ ಸಕ್ಕರೆಯ ಬದಲು ಉಪ್ಪು ಹಾಕಿ ಕೊಟ್ಟ. ನಾನು ಮುಖ ಕಿವುಚದೆ ಕೊನೆಯ ಗುಟುಕಿನವರೆಗೆ ಕುಡಿದು, 'ಚೆನ್ನಾಗಿದೆ, ಇನ್ನೊಂದು ಲೋಟ ಕೊಡು' ಎಂದೆ. ಅವನು ಸೋತ. ಆಮೇಲೆ ಅವನು ನರಸಿಂಹರಾಜಪುರದಲ್ಲಿ ಬಾಡಿಗೆ ಮನೆಯಲ್ಲಿದ್ದಾಗ ಬಾಳೆಹೊನ್ನೂರಿನ ನನ್ನ ಗೆಳೆಯನೊಬ್ಬನಿಗೆ ಟೇಪು ಕೊಟ್ಟು, ಸರ್ವೆ ಸಾಹೇಬನ ವೇಷ ಹಾಕಿಸಿ ಕಳಿಸಿದೆ. ಹೊಸ ರಸ್ತೆ ನಿಮ್ಮ ಅಡುಗೆಮನೆಯ ಮೇಲೇ ಹೋಗುತ್ತದೆ ಎಂದು ಅವನು ಗಂಭೀರವಾಗಿ ಒಲೆಯ ಉದ್ದಗಲ ಅಳೆದು ಬಂದ. ಭಾವ ಅವನಿಗೆ ಉಪ್ಪಿಟ್ಟು ಕೊಟ್ಟು ಕೈಮುಗಿದನಂತೆ. ನಿಜ ಗೊತ್ತಾದ ಮೇಲೆ ಎರಡು ದಿನ ಸಿಟ್ಟು, ಮೂರನೆಯ ದಿನ ತಾನೇ ಎಲ್ಲರಿಗೂ ಹೇಳಿಕೊಂಡು ನಕ್ಕ. ಭಾವ ಭಾವಂದಿರ ತಮಾಷೆಗೆ ಅಪೀಲಿಲ್ಲ ಎಂಬುದು ನಮ್ಮ ಕಡೆಯ ಕಾನೂನು. ಇಬ್ಬರೂ ಒಂದೇ ವಾರಿಗೆಯವರು, ಹಾಗಾಗಿ ನೀನು-ತಾನು. ಅವನು ನನಗೆ ಭಾವ, ನಾನು ಅವನಿಗೆ ಭಾವ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಅವನು ನೌಕರಿಯಿಂದ ನಿವೃತ್ತನಾಗಿ ಕೊಪ್ಪಕ್ಕೆ ಬಂದ. ನನ್ನ ಮನೆಯ ಪಕ್ಕದ ಸೈಟನ್ನೇ ಕೊಂಡು ಮನೆ ಕಟ್ಟಿಸಿದ. ತಂಗಿ ಪಕ್ಕಕ್ಕೇ ಬಂದಳೆಂದು ನನಗೆ ಖುಷಿ. ಭಾವ ಕೈಗೆ ಸಿಗುವಷ್ಟು ಹತ್ತಿರ ಬಂದನೆಂದು ಅದಕ್ಕಿಂತ ದೊಡ್ಡ ಖುಷಿ. ಎರಡು ಸೈಟಿನ ಗಡಿಯ ಮೇಲೇ ಒಂದು ಹಲಸಿನ ಮರವಿತ್ತು. ಮನೆ ಏಳುತ್ತಿದ್ದಾಗ ಒಂದು ಗಾಳಿಮಳೆಗೆ ಅದು ಮಗುಚಿತು. ಅವನ ಗೋಡೆಗೂ ತಾಗದೆ, ನನ್ನ ಹೆಂಚಿಗೂ ತಾಗದೆ, ಗಡಿಯುದ್ದಕ್ಕೂ ನೂಲು ಹಿಡಿದ ಹಾಗೆ ಮಲಗಿತ್ತು. ನಾನೇ ಹಾಗೆ ಬೀಳಲು ಹೇಳಿದ್ದೆಂದು ಪೇಟೆಯಲ್ಲೆಲ್ಲ ಹೇಳಿಕೊಂಡು ಬಂದೆ.

ಮರ ಯಾರದ್ದು? ಅರ್ಧ ಅವನದು, ಅರ್ಧ ನನ್ನದು. ಹಂಚಿಕೊಂಡು ಮಾಡುವುದೇನು, ಬಿದ್ದಲ್ಲೇ ಬೇಲಿಯಾಗಲಿ ಎಂದು ತಂಗಿಯೇ ತೀರ್ಮಾನ ಕೊಟ್ಟಳು. ಮಿಲ್ಲಿನಲ್ಲಿ ಕೊಯ್ಸಿ, ಒಂದು ಮಳೆಗಾಲ ಅಟ್ಟದಲ್ಲಿಟ್ಟು ಒಣಗಿಸಿ, ಆಚಾರಿಯನ್ನು ಕರೆಸಿ ಹಲಗೆಯ ಬೇಲಿ ನಿಲ್ಲಿಸಿದೆವು. ಸೊಂಟದೆತ್ತರಕ್ಕೊಂದು, ಎದೆಯೆತ್ತರಕ್ಕೊಂದು ಅಡ್ಡಪಟ್ಟಿ. ಅದಕ್ಕೆ ಸಾಲಾಗಿ ಮೊಳೆ ಹೊಡೆದ ಹಲಗೆಗಳು. ನಡುವೆ ತಂಗಿ ಓಡಾಡಲು ಒಂದು ದಣಪೆ, ಅಂದರೆ ಅಡ್ಡ ಹಾಕಿದ ಬಿದಿರ ಗಳು ಸರಿಸಿ ದಾಟುವ ಸಣ್ಣ ದಾರಿ. ಹೊಸ ಹಲಸಿನ ಹಲಗೆ ಬಿಸಿಲಿಗೆ ಅರಸಿನ ತೇದ ಹಾಗೆ ಹೊಳೆಯುತ್ತಿತ್ತು. ಬಣ್ಣದ ಜಗಳ ಶುರುವಾದದ್ದು ಅಲ್ಲಿ.

ಬಸ್‌ಸ್ಟ್ಯಾಂಡಿನ ಹತ್ತಿರದ ಹಾರ್ಡ್‌ವೇರ್ ಅಂಗಡಿಗೆ ಇಬ್ಬರೂ ಹೋದೆವು. ಭಾವ ಬಿಳಿ ಪೇಂಟು ಕೊಡಿ ಎಂದ. ನಾನು ಬೇಡ ಎಂದೆ. ಅಂಗಡಿಯವನಿಗೆ ಬೇಸಿಗೆಯ ಮಧ್ಯಾಹ್ನ ಬೇರೆ ಗಿರಾಕಿ ಇರಲಿಲ್ಲ, ಮಾತಿಗೆ ಕುಳಿತ.

"ಈಗ ಸ್ಟೇನ್ ಅಂತ ಹೊಸ ಮಾಲು ಬಂದಿದೆ ಮಾರಾಯ್ರೆ. ಪೇಂಟ್ ಅಂದ್ರೆ ಕೋಟು ಹಾಕ್ದಂಗೆ. ಒಳಗಿನ ಬನೀನು ಹರಿದಿದ್ರೂ ಹೊರಗೆ ಗೊತ್ತಾಗಲ್ಲ. ಸ್ಟೇನ್ ಅಂದ್ರೆ ಎಣ್ಣೆ ತಿಕ್ಕಿ ಅಭ್ಯಂಜನ ಮಾಡ್ಸಿದಂಗೆ. ಮೈ ಕಾಣ್ತದೆ, ಆದ್ರೆ ಮಿಂಚ್ತದೆ."

"ನಂಗೆ ಕೋಟೇ ಬೇಕು," ಅಂದ ಭಾವ.

"ಅದೂ ಬಿಳೀ ಕೋಟು! ಈ ಊರಿನ ಮಳೇಲಿ!" ಎಂದೆ ನಾನು. "ಆಷಾಢದೊಳಗೆ ನಿನ್ನ ಬೇಲಿ ಮೇಲೆ ಪಾಚಿ ಬೆಳ್ದು ದನ ಮೇಯಕ್ಕೆ ಬರ್ತಾವೆ, ನೋಡ್ತಿರು."

"ತೊಳೀತೀನಿ. ರಿಟೈರ್ ಆದವ್ನಿಗೆ ಬೇರೆ ಎಂತ ಕೆಲ್ಸ?"

"ಅಲ್ಲ ಮಾರಾಯ, ಹಲಸಿನ ಹಲಗೆಗೆ ಬಿಳಿ ಬಳಿಯೋದು ಅಂದ್ರೆ ಬಂಗಾರದ ಬಳೆಗೆ ಸುಣ್ಣ ಹೊಡ್ದಂಗೆ. ಯಾವ ಬುದ್ಧಿವಂತ ಹೇಳ್ಕೊಟ್ಟ ನಿಂಗೆ?"

"ನಿನ್ನ ತಂಗೀನ ಕಟ್ಕೊಂಡಾಗ್ಲೇ ಬುದ್ಧಿ ಹೋಯ್ತು, ಇನ್ನು ಹೇಳ್ಕೊಡಕ್ಕೆ ಎಂತ ಉಳ್ದಿದೆ?"

ಅಂಗಡಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ. ಅಂದು ಯಾವ ಡಬ್ಬವನ್ನೂ ಕೊಳ್ಳದೆ ಹೊರಟೆವು. ದಾರಿಯಲ್ಲಿ ಭಾವ ತಾನಾಗಿಯೇ ಹೇಳಿದ.

"ಭಾವ, ನಗಬಾರ್ದು. ಬಾಳೆಹೊನ್ನೂರಲ್ಲಿ ಇದ್ದಾಗ ದಿನಾ ಬಸ್ಸಲ್ಲಿ ಹೋಗ್ತಾ ಒಂದು ಎಸ್ಟೇಟ್ ಬಂಗ್ಲೆ ಸಿಗ್ತಿತ್ತು. ಸುತ್ತ ಬಿಳೀ ಮರದ ಬೇಲಿ. ಇಷ್ಟು ವರ್ಷ ಇನ್ನೊಬ್ರ ಗೋಡೆ ಒಳಗೇ ಸಂಸಾರ ಮಾಡ್ದೆ ಮಾರಾಯ. ಕ್ಯಾಲೆಂಡರ್ ಹಾಕಕ್ಕೆ ಒಂದು ಮೊಳೆ ಹೊಡೀಬೇಕಾದ್ರೂ ಓನರ್ ಮುಖ ನೋಡ್ಬೇಕು. ಆ ಬೇಲಿ ಕಂಡಾಗೆಲ್ಲ, ಇಂಥದ್ದೊಂದು ನಂಗೂ ಆದ್ರೆ ಅಲ್ಲಿಗೆ ನಾನು ಮನೆ ಸೇರ್ದಂಗೆ ಅನ್ನಿಸ್ತಿತ್ತು."

ನಾನು ನಗಲಿಲ್ಲ. ನನ್ನ ಬಾಯಿಗೆ ಅಂದು ಏನು ರೋಗವಾಗಿತ್ತೋ.

ಆದರೂ ನನ್ನ ಹಲಸು ನನಗೆ ಬಿಳಿ ಮಾಡಲು ಮನಸ್ಸಾಗಲಿಲ್ಲ. ಆಗ ನಮ್ಮಿಬ್ಬರಿಗೂ ಒಟ್ಟಿಗೇ ಹೊಳೆದ ಉಪಾಯ ನಮ್ಮ ಸೀಮೆಯವರಿಗಲ್ಲದೆ ಬೇರೆ ಯಾರಿಗೂ ಹೊಳೆಯಲಾರದು. ಪಾಲಾದ ಮನೆಗಳಲ್ಲಿ ಜಗಲಿಯ ಒಂದೇ ಕಂಬದ ಅರ್ಧಕ್ಕೆ ಅಣ್ಣ ಹಸಿರು, ಉಳಿದರ್ಧಕ್ಕೆ ತಮ್ಮ ನೀಲಿ ಬಳಿದದ್ದನ್ನು ಹರಿಹರಪುರದ ಕಡೆ ಇಬ್ಬರೂ ಕಂಡಿದ್ದೆವು. ಯಾರ ಬದಿ ಅವರದು, ಅದರಲ್ಲಿ ಇನ್ನೊಬ್ಬ ಬಾಯಿ ಹಾಕುವಂತಿಲ್ಲ. ಕಂಬಕ್ಕಾದದ್ದು ಹಲಗೆಗೆ ಯಾಕಾಗಬಾರದು? ಆಚೆಬದಿಗೆ ಅವನ ಬಿಳಿ ಪೇಂಟು, ಈಚೆಬದಿಗೆ ನನ್ನ ಸ್ಟೇನ್. ಮಾರನೆಯ ದಿನ ಅಂಗಡಿಯವನು ಎರಡೂ ಡಬ್ಬ ಇಳಿಸಿಕೊಟ್ಟು, "ಇಷ್ಟು ಒಳ್ಳೆ ರಾಜಿ ಕೋರ್ಟಲ್ಲೂ ಆಗಲ್ಲ ಬಿಡಿ," ಎಂದು ಕಳಿಸಿದ.

ಕೆಲಸ ಶುರುವಾಗುವ ಮೊದಲು ತಂಗಿ ದಣಪೆ ದಾಟಿ ಬಂದಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ನನ್ನೆದುರು ನಿಂತಳು.

"ಅಣ್ಣ, ಒಂದು ಮಾತು. ಕೊಡೆ, ಚಪ್ಪಲಿ, ಗಡಿಯಾರ ಎಂತ ಬೇಕಾದ್ರೂ ಮಾಡ್ಕೊ. ಈ ಬೇಲಿ ವಿಷ್ಯಕ್ಕೆ ಮಾತ್ರ ಚೇಷ್ಟೆ ಬೇಡ. ಇವ್ರು ರಾತ್ರಿ ಕನಸಲ್ಲೂ ಬ್ರಶ್ ಆಡಿಸ್ತಿದಾರೆ."

"ಆಯ್ತು ಮಾರಾಯ್ತಿ."

"ಆಯ್ತು ಅಲ್ಲ. ಕೈ ಮೇಲೆ ಕೈ ಹಾಕು."

ಹಾಕಿದೆ. ಆ ಮಾತನ್ನು ಉಳಿಸಿಕೊಂಡೆ. ಇದನ್ನು ಓದುವವರು ನಂಬಿದರೆ ನಂಬಲಿ, ಬಿಟ್ಟರೆ ಬಿಡಲಿ.

ಬಣ್ಣ ಹಚ್ಚಿದ ಆ ದಿನಗಳ ಸುಖ ಈಗಲೂ ಮರೆತಿಲ್ಲ. ಹಲಗೆಯ ಆಚೆ ಅವನು ತಲೆಗೆ ಪೇಪರಿನ ಟೊಪ್ಪಿ ಹಾಕಿಕೊಂಡು, ಹಣೆಯ ಮೇಲೊಂದು ಬಿಳಿ ನಾಮ ಎಳೆದುಕೊಂಡು, ಒಂದು ಗೆರೆ ಆಚೀಚೆ ಆಗದ ಹಾಗೆ ಬಳಿಯುತ್ತಿದ್ದ. ಈಚೆ ನಾನು. ನನಗೆ ಡಬ್ಬದ ಮಾಲು ನೀರುನೀರೆನಿಸಿತು. ಹಳೆಯ ಕಾಲದಿಂದ ನಮ್ಮಲ್ಲಿ ಮರಕ್ಕೆ ಹುಳ ಹಿಡಿಯದಿರಲೆಂದು ಹಚ್ಚುತ್ತಿದ್ದದ್ದು ಗೇರೆಣ್ಣೆ. ಗೇರುಬೀಜದ ಸಿಪ್ಪೆಯಿಂದ ತೆಗೆದದ್ದು, ಕರಿಗೆಂಪು, ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ. ಕೈಗೆ ತೆಂಗಿನೆಣ್ಣೆ ಸವರಿಕೊಂಡು ಅದನ್ನು ಸ್ಟೇನಿಗೆ ಧಾರಾಳವಾಗಿ ಬೆರೆಸಿದೆ. ಬಟ್ಟೆಯ ಉಂಡೆಯಲ್ಲಿ ಅದ್ದಿ ಅದ್ದಿ ಹಲಗೆಗೆ ಕುಡಿಸಿದೆ. ಮರ ಕುಡಿಯಿತು. ಕುಡಿದಷ್ಟೂ ಹುಯ್ದೆ. ಜಿಪುಣತನ ನನ್ನ ಹತ್ತಿರ ಸುಳಿಯುವುದಿಲ್ಲ.

"ಎಂತ ಭಾವ, ಬೇಲಿಗೆ ಬಾಣಂತನ ಮಾಡ್ತಿದೀಯಾ? ಇಷ್ಟು ಎಣ್ಣೆ!" ಎಂದು ಅವನು ಸಂದಿಯಿಂದ ಇಣುಕುತ್ತಿದ್ದ.

"ನಿನ್ನ ಬದಿ ನೋಡ್ಕೊ. ಬಿಳೀ ಬಳ್ದು ಬಳ್ದು ಕೊನೆಕೊನೆಗೆ ನಿನ್ನ ಮೀಸೇನೂ ಬಳೀಬೇಡ."

"ಮೀಸೆ ಆಗ್ಲೇ ಬೆಳ್ಳಗಿದೆ ಮಾರಾಯ, ಪೇಂಟ್ ಉಳೀತು."

ತಂಗಿ ಬೇಲಿಯ ಮೇಲಿಂದ ಕಾಫಿ ಲೋಟ ದಾಟಿಸುತ್ತಿದ್ದಳು. ಒಂದೇ ಹಲಗೆಗೆ ಎರಡು ಬೆನ್ನು ಆನಿಸಿ ಕುಳಿತು ಕುಡಿಯುತ್ತಿದ್ದೆವು. ಮುಗಿದ ದಿನ ಅವನು ನನ್ನನ್ನು ರಸ್ತೆಗೆ ಎಳೆದುಕೊಂಡು ಹೋಗಿ, ಅಲ್ಲಿಂದ ತನ್ನ ಬದಿ ತೋರಿಸಿದ. ಹೊಸ ಹಲ್ಲಿನ ಸೆಟ್ಟಿನ ಹಾಗೆ ಬೇಲಿ ಬೆಳ್ಳಗೆ ನಿಂತಿತ್ತು. "ಹೆಂಗೆ?" ಎಂದ. ಚೆನ್ನಾಗಿತ್ತು. "ಎಮ್ಮೆ ನಕ್ಕಂಗಿದೆ," ಎಂದೆ. ಅದು ನನ್ನ ಭಾಷೆಯಲ್ಲಿ ಹೊಗಳಿಕೆಯೆಂದು ಅವನಿಗೆ ಗೊತ್ತಿತ್ತು, ಹೆಗಲಿಗೊಂದು ಗುದ್ದಿದ.

ಬೇಲಿ ಒಣಗಿದ ಮೇಲೆ ಸತ್ಯನಾರಾಯಣ ಪೂಜೆ ಇಟ್ಟುಕೊಂಡ. ನರಸಿಂಹರಾಜಪುರದಿಂದ ಅವನ ಹಳೆಯ ಸಹೋದ್ಯೋಗಿಗಳೆಲ್ಲ ಬಂದಿದ್ದರು. ಅದರ ಹಿಂದಿನ ಎರಡು ಮೂರು ದಿನ ಮಳೆಗೆ ಮುಂಚಿನ ಕೆಟ್ಟ ಬಿಸಿಲು, ನೆತ್ತಿ ಬಿರಿಯುವಂಥದ್ದು. ಪೂಜೆಯ ಗಡಿಬಿಡಿಯಲ್ಲಿ ಬೇಲಿಯ ಕಡೆ ಯಾರೂ ಹೋಗಿರಲಿಲ್ಲ. ಊಟವಾಗಿ, ಎಲೆಅಡಿಕೆ ಹಾಕಿಕೊಂಡು ಎಲ್ಲರೂ ಅಂಗಳಕ್ಕೆ ಬಂದರು. ಆಗಷ್ಟೇ ಕ್ಯಾಮರಾ ಇರುವ ಮೊಬೈಲು ಬಂದಿತ್ತು. ಒಬ್ಬರ ಹತ್ತಿರ ಇತ್ತು. ಅವರು, "ಯಜಮಾನ್ರೆ, ಆ ಬಿಳೀ ಬೇಲಿ ಮುಂದೆ ಇಬ್ರೂ ನಿಂತ್ಕೊಳ್ಳಿ," ಎಂದರು. ಭಾವ ಶಲ್ಯ ಸರಿಮಾಡಿಕೊಂಡು ತಂಗಿಯನ್ನು ಕರೆದುಕೊಂಡು ಹೋಗಿ ನಿಂತ. ಮೊಬೈಲು ಹಿಡಿದವರು ಅದರೊಳಗೆ ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ಅದನ್ನು ಕೆಳಗಿಳಿಸಿ ಬೇಲಿಯನ್ನೇ ನೋಡಿದರು.

"ಎಂತದ್ರೀ ಇದು? ಯಾರೋ ಸಾಲಿಗೆ ಎಲೆಅಡಿಕೆ ಉಗ್ದಿದಾರಲ್ಲ!"

ಹೌದು. ಬಿಳಿ ಹಲಗೆಗಳ ಮೇಲೆ ಸೊಂಟದೆತ್ತರದಲ್ಲೊಂದು ಸಾಲು, ಎದೆಯೆತ್ತರದಲ್ಲೊಂದು ಸಾಲು, ಕರಿಗೆಂಪು ಕಲೆ. ಒಂದೊಂದರಿಂದಲೂ ಕೆಳಗೆ ಇಳಿದ ಒಂದು ಬಾಲ. ಥೇಟ್ ಪಿಚಕ್ಕೆಂದು ಉಗುಳಿದ ಹಾಗೆಯೇ. ಅಂಗಳದಲ್ಲಿದ್ದವರೆಲ್ಲ ತಿರುಗಿ ನನ್ನನ್ನು ನೋಡಿದರು. ನನ್ನ ಬಾಯಿತುಂಬ ಆಗ ಎಲೆಅಡಿಕೆ. ಒಬ್ಬರು ಕಿಸಕ್ಕೆಂದರು, ಇನ್ನೊಬ್ಬರು, "ಭಾವಯ್ಯನ ಕೈವಾಡ! ಅಲ್ಲಲ್ಲ, ಬಾಯಿವಾಡ!" ಎಂದರು. ಎಲ್ಲರೂ ನಕ್ಕರು. ನನಗೂ ನಗು ಬಂತು. ಅಂಗಳ ತುಂಬ ಜನ ನನ್ನನ್ನೇ ನೋಡಿ ನಗುವಾಗ ಬಾಯಿ ಮುಚ್ಚಿಕೊಂಡಿರುವ ವಿದ್ಯೆ ನಾನು ಕಲಿತವನಲ್ಲ.

"ಅಷ್ಟು ಬೆಳ್ಳಗಿರೋ ಕೂಸಿಗೆ ಒಂದು ದೃಷ್ಟಿಬೊಟ್ಟು ಬೇಡ್ವನಾ ಭಾವ?" ಎಂದೆ.

ಅಂಗಳ ಮತ್ತೊಮ್ಮೆ ಬಿದ್ದು ನಕ್ಕಿತು. ಭಾವ ನಗಲಿಲ್ಲ. ಹೊಸ ಶಲ್ಯದ ತುದಿಯಿಂದ ಒಂದು ಕಲೆಯನ್ನು ಒರೆಸಿದ. ಅದು ಹೋಗಲಿಲ್ಲ, ಅಗಲವಾಯಿತು. ಶಲ್ಯವನ್ನು ಮಡಚಿ ತೋಳಿಗೆ ಹಾಕಿಕೊಂಡು, "ಫೋಟೋ ಆಮೇಲೆ ತೆಗೆಯೋಣ, ಒಳಗೆ ಬನ್ನಿ," ಎಂದು ಎಲ್ಲರನ್ನೂ ಕರೆದುಕೊಂಡು ಹೋದ.

ಸಂಜೆ ಎಲ್ಲರೂ ಹೋದ ಮೇಲೆ ನಾನು ಒಬ್ಬನೇ ನೋಡಿದೆ. ಪ್ರತಿ ಮೊಳೆಯ ಸುತ್ತ, ಪ್ರತಿ ಗಂಟಿನ ಬಿರುಕಿನಲ್ಲಿ ನನ್ನ ಎಣ್ಣೆ. ನಾನು ಈಚೆಯಿಂದ ಕುಡಿಸಿದ್ದು ಬಿಸಿಲಿಗೆ ಕಾದು, ಮೊಳೆಯ ತೂತು ಹಿಡಿದುಕೊಂಡು ಆಚೆ ಹೊರಟಿತ್ತು. ಮರಕ್ಕೆ ಪಾಲುಪಟ್ಟಿ ಗೊತ್ತಿರಲಿಲ್ಲ. ಆಗಲೇ ಓಡಿಹೋಗಿ ಹೇಳಿದೆ.

"ಭಾವ, ಅದು ಎಣ್ಣೆ. ಒಳಗಿಂದ ಹಾಯ್ದಿದ್ದು. ನಾನು ಎಂತದೂ ಮಾಡಿಲ್ಲ."

"ಹೌದನಾ," ಎಂದ. ಪೇಪರಿನಿಂದ ತಲೆ ಎತ್ತಲಿಲ್ಲ.

ಅವನು ಮಾರನೆಯ ದಿನ ಕಲೆಗಳನ್ನೆಲ್ಲ ಕೆರೆದು ಮತ್ತೆ ಬಿಳಿ ಬಳಿದ. ಬಿಸಿಲು ಬಂತು, ಕಲೆಯೂ ಬಂತು. ಇನ್ನೊಮ್ಮೆ ಬಳಿದ. ಇನ್ನೊಮ್ಮೆ ಬಂತು. ಗೇರೆಣ್ಣೆಯ ಮೇಲೆ ಪೇಂಟು ನಿಲ್ಲುವುದಿಲ್ಲ. ಅದು ಹೇಗಿದ್ದರೂ ತೂರಿಕೊಂಡು ಮೇಲೆ ಬರುತ್ತದೆ. ಆದರೆ ಅವನ ಕಣ್ಣಿಗೆ ಕಂಡದ್ದು ಬೇರೆ. ಪ್ರತಿ ಸಲ ಬಳಿದ ಮೇಲೂ ನಾನು ಕದ್ದು ಬಂದು ಉಗಿದು ಹೋಗುತ್ತಿದ್ದೇನೆ. ಒಂದು ತಮಾಷೆಗೆ ಒಂದು ಸಲ ಸಾಕಾಗಿತ್ತು, ಮೂರು ಸಲ ಅಂದರೆ ಅದು ಹಗೆ.

ತಂಗಿ ಬಂದು ದಣಪೆಯ ಆಚೆಯೇ ನಿಂತಳು. "ಕೈ ಮೇಲೆ ಕೈ ಹಾಕಿದ್ದೆ ಅಣ್ಣ."

"ದೇವರಾಣೆ ನಾನಲ್ಲ ಕಣೆ!"

"ಕೊಡೆ ಮಂಡಕ್ಕಿಗೂ ಇದೇ ದೇವರ ಮೇಲೇ ಆಣೆ ಹಾಕಿದ್ದೆ ನೀನು."

ಕೊನೆಗೆ ಅಂಗಡಿಯವನನ್ನೇ ಕರೆತಂದೆ. ಅವನು ಕಲೆ ಮೂಸಿ ನೋಡಿ, "ಇದು ಗೇರೆಣ್ಣೆ ಸ್ವಾಮಿ, ಆಚೆಯಿಂದ ಬಂದಿದೆ," ಎಂದು ಪ್ರಾಮಾಣಿಕವಾಗಿಯೇ ಹೇಳಿದ. ಭಾವ ಅವನಿಗೆ ಮಜ್ಜಿಗೆ ಕೊಟ್ಟು ಕೂರಿಸಿ, ನನ್ನ ಕಡೆ ತಿರುಗಿ ಕೇಳಿದ: "ಇವ್ರ ಹತ್ರ ಟೇಪ್ ಇಲ್ವಾ? ಅಡುಗೆಮನೆ ಅಳೀಬೇಕಿತ್ತೇನೋ."

ಅದು ಅವನು ನನ್ನೊಂದಿಗೆ ಆಡಿದ ಕೊನೆಯ ಕುಹಕ. ಆಮೇಲೆ ಅವನು ಬೈಯಲಿಲ್ಲ, ಜಗಳ ಆಡಲಿಲ್ಲ, ಮಾತೂ ಬಿಡಲಿಲ್ಲ. 'ನೀವು' ಎನ್ನತೊಡಗಿದ. "ನೀವು ಕಾಫಿ ತಗೊಂಡ್ರಾ?" "ನಿಮ್ಮ ಮನೇಲಿ ಕರೆಂಟ್ ಇದೆಯಾ?" ಮೊದಲ ಸಲ ಕೇಳಿದಾಗ ನಾನು ಹಿಂದೆ ಯಾರಾದರೂ ಬಂದರೋ ಎಂದು ತಿರುಗಿ ನೋಡಿದ್ದೆ.

ಮಳೆ ಹಿಡಿಯಿತು. ಬಿಳಿ ಬದಿಯ ಮೇಲೆ ಪಾಚಿಯೂ ಕಲೆಯೂ ಸೇರಿ ಬೇಲಿ ಹುಣ್ಣಾದ ಹಾಗೆ ಕಾಣುತ್ತಿತ್ತು. ಅವನು ತೊಳೆಯಲು ಹೋಗಲಿಲ್ಲ. ನನ್ನ ಬದಿ ಮಾತ್ರ ಮಳೆ ಬಿದ್ದಷ್ಟೂ ಮಿಂಚಿತು. ನನಗೆ ಅದನ್ನು ನೋಡುವುದೇ ಬೇಡವಾಯಿತು. ಮಳೆಗಾಲ ಕಳೆದ ಮೇಲೆ ಅವನ ಮನೆ ಮುಂದೆ ಒಂದು ಲಾರಿ ಸಿಮೆಂಟ್ ಇಟ್ಟಿಗೆ ಇಳಿಯಿತು. ಬೇಲಿ ತೆಗೆಸಿ ಕಾಂಪೌಂಡ್ ಹಾಕಿಸುತ್ತಾನೆಂದು ಗಾರೆಯವನಿಂದ ನನಗೆ ಗೊತ್ತಾಯಿತು.

ಹಲಗೆ ಕೀಳಿಸಿದ ದಿನ ಮಧ್ಯಾಹ್ನ ಭಾವ ನನ್ನ ಜಗಲಿಗೆ ಬಂದ. ಕೈಯಲ್ಲಿ ಒಂದು ತುಂಡು ಹಲಗೆ. ಕೀಳುವಾಗ ಮೊಳೆಯಿದ್ದ ಜಾಗದಲ್ಲೇ ಅಡ್ಡ ಮುರಿದಿತ್ತು. ಮುರಿದ ಬಾಯಿಯಲ್ಲಿ ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು: ನನ್ನ ಬದಿಯಿಂದ ಹೊರಟ ಕರಿಗೆಂಪು, ಹಳದಿ ಮರದ ನಡುವೆ ಹಾದು, ಅವನ ಬಿಳಿಯ ತನಕ.

"ನೀವಲ್ಲ," ಎಂದ. "ನಿಜವಾಗ್ಲೂ ನೀವಲ್ಲ."

ನಾನು ಎಷ್ಟೋ ದಿನ ಕಾದಿದ್ದ ಮಾತು. ಬಂದಾಗ ಬರೀ ತಲೆಯಾಡಿಸಿದೆ.

"ಇಟ್ಟಿಗೆ ಬಂದಾಯ್ತು, ಪಾಯ ತೋಡಾಯ್ತು. ಇಲ್ದಿದ್ರೆ..." ಎಂದು ಹಲಗೆಯನ್ನು ತಿರುಗಿಸಿ ಮುರುಗಿಸಿ ನೋಡಿದ. ಹೋಗಲಿಕ್ಕೆ ಎದ್ದವನು ಮೆಟ್ಟಿಲ ಹತ್ತಿರ ನಿಂತ. "ಗಾರೆಯವ್ನು ಕೇಳ್ತಿದಾನೆ. ಮೊದಲು ದಣಪೆ ಇದ್ದ ಕಡೆ ಜಾಗ ಬಿಡ್ಬೇಕಾ, ಪೂರ್ತಿ ಎಬ್ಬಿಸ್ಬೇಕಾ ಅಂತ. ಎಂತ ಹೇಳ್ಲಿ?"

ಆಗ ನನ್ನ ಬಾಯಲ್ಲಿ ಏನೇನೆಲ್ಲ ಬರಬಹುದಿತ್ತು! 'ಬಿಡದಿದ್ರೆ ಗೋಡೆ ಹಾರಿ ಬರ್ತೀನಿ, ಕಾಲು ಮುರಿದ್ರೆ ನೀನೇ ಕಟ್ಟು ಹಾಕ್ಸು' ಎನ್ನಬಹುದಿತ್ತು. 'ನಿನ್ನ ಮುಖ ನೋಡಕ್ಕೆ ಒಂದು ಕಿಟಕಿ ಬಿಡ್ಸು ಸಾಕು' ಎನ್ನಬಹುದಿತ್ತು. ಮದುವೆ ಮನೆಯಲ್ಲಿ, ಸಾವಿನ ಮನೆಯಲ್ಲಿ, ಬಸ್ಸಿನಲ್ಲಿ, ದೇವಸ್ಥಾನದ ಪಂಕ್ತಿಯಲ್ಲಿ ಬೇಡದ ಕಡೆಯೆಲ್ಲ ಆಡಿದ ಬಾಯಿ ಅದು. ಆದರೆ ಅಷ್ಟು ತಿಂಗಳ 'ನೀವು' ನನ್ನನ್ನೂ ಹೆದರಿಸಿತ್ತು. ಇನ್ನೊಂದು ಮಾತು ತಪ್ಪಿದರೆ ಎಂಬ ಭಯ. ಜೊತೆಗೆ, ಸುಳ್ಳು ಹೇಳುವುದೇಕೆ, ಅವನು ನಂಬದೆ ಹೋದನಲ್ಲ ಎಂಬ ಒಂದು ಸಣ್ಣ ಮುಳ್ಳೂ ಇತ್ತು.

"ನಿಮಗೆ ಹೇಗೆ ಅನುಕೂಲವೋ ಹಾಗೆ ಮಾಡಿ," ಎಂದೆ.

ಅವನು ತಕ್ಷಣ ಹೋಗಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತ. ಮಾತಿನ ಬಾಲ ಇನ್ನೂ ಬಾಕಿಯಿದೆ, ಈಗ ಬರುತ್ತದೆ, ಬಂದರೆ ನಕ್ಕುಬಿಡೋಣ ಎಂದು ಕಾದ ಹಾಗಿತ್ತು. ನಾನು ಗಂಭೀರವಾಗಿ ಕುಳಿತೇ ಇದ್ದೆ. ಜೀವಮಾನದಲ್ಲಿ ಅಷ್ಟು ಸಭ್ಯನಾಗಿ ಎಂದೂ ಕುಳಿತಿರಲಿಲ್ಲ.

"ಸರಿ ಹಾಗಾದ್ರೆ," ಎಂದು ಹಲಗೆ ಹಿಡಿದುಕೊಂಡು ಇಳಿದು ಹೋದ.

ಗೋಡೆ ಪೂರ್ತಿ ಎದ್ದಿತು. ಅವನ ಬದಿಗೆ ಬಿಳಿ ಬಳಿಸಿದ, ಕಲೆ ಇಲ್ಲದೆ ನಿಂತಿತು. ನನ್ನ ಬದಿಗೆ ನಾನು ಏನನ್ನೂ ಹಚ್ಚಲಿಲ್ಲ. ತಂಗಿಯ ಮನೆಗೆ ಹೋಗಬೇಕಾದರೆ ಈಗ ಅಂಗಿ ಹಾಕಿ, ಚಪ್ಪಲಿ ಮೆಟ್ಟಿ, ಗೇಟು ತೆಗೆದು, ರಸ್ತೆ ಸುತ್ತಿ, ಅವರ ಗೇಟಿನ ಚಿಲಕ ಸದ್ದು ಮಾಡಬೇಕು. ಹಾಗೆ ಹೋದವನಿಗೆ ಭಾವ ಎದ್ದು ನಿಂತು ಕುರ್ಚಿ ಎಳೆದು ಕೊಡುತ್ತಾನೆ, ಫ್ಯಾನು ಹಾಕುತ್ತಾನೆ. ತಂಗಿ ಕಾಫಿ ತರುತ್ತಾಳೆ, ನೆಂಟರಿಗೆಂದು ಮೇಲಿನ ಶೆಲ್ಫಿನಲ್ಲಿಟ್ಟ ಹೂವಿನ ಚಿತ್ರದ ಕಪ್-ಸಾಸರಿನಲ್ಲಿ. "ಸಕ್ಕರೆ ಸಾಕಾ ನೋಡಿ," ಎನ್ನುತ್ತಾನೆ ಭಾವ. ಸರಿಯಾಗಿಯೇ ಇರುತ್ತದೆ. ಸಾಕು ಎಂದು ಹೇಳಿ ಕುಡಿಯುತ್ತೇನೆ.